ಕಾಗುಣಿತದ ತಪ್ಪುಗಳು: ಅವುಗಳ ಮೂಲ ಮತ್ತು ಪರಿಹಾರ

ಇಂದಿನ ವಿದ್ಯಾರ್ಥಿಗಳಿಗೆ ಶುದ್ಧವಾದ ಕನ್ನಡವನ್ನು ಬರೆಯಲು ಬಾರದೆಂಬ ಮಾತು ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿದೆ. ಈ ಮಾತು ಸುಳ್ಳಲ್ಲ. ಪದವಿ ಪಡೆದವರ ಅರ್ಜಿಗಳಲ್ಲಿ, ಜಾತ್ರೆಯ ಕರಪತ್ರಗಳಲ್ಲಿ, ಮದುವೆಯ ಆಮಂತ್ರಣಗಳಲ್ಲಿ, ಅಂಗಡಿಗಳ ಫಲಕಗಳಲ್ಲಿ ಒಂದೆರಡು ಸಾಲು ಓದುವಷ್ಟರಲ್ಲಿಯೇ ಕಾಗುಣಿತದ ದೋಷವೊಂದು ಕಣ್ಣಿಗೆ ಬೀಳುತ್ತದೆ. ಆದರೆ ಈ ಕುರಿತ ನಮ್ಮ ಚರ್ಚೆಯು ಬಹುಮಟ್ಟಿಗೆ ನಿಟ್ಟುಸಿರಿನಲ್ಲಿ ಆರಂಭವಾಗಿ ನಿಟ್ಟುಸಿರಿನಲ್ಲಿಯೇ ಮುಗಿಯುತ್ತದೆ. ತಪ್ಪುಗಳೆಲ್ಲವೂ ಒಂದೇ ಬಗೆಯವಲ್ಲ. ಅವು ಹುಟ್ಟುವ ಕಾರಣವೂ ಒಂದೇ ಅಲ್ಲ. ಯಾವ ತಪ್ಪು ಎಲ್ಲಿಂದ ಬಂದಿತೆಂಬುದನ್ನು ತಿಳಿಯದೆ ಅದನ್ನು ತಿದ್ದುವುದು ಸಾಧ್ಯವಾಗದು. ಆದುದರಿಂದ ಪ್ರಸ್ತುತ ಲೇಖನದಲ್ಲಿ ಈ ತಪ್ಪುಗಳನ್ನು ವಿಂಗಡಿಸಿ, ಒಂದೊಂದರ ಮೂಲವನ್ನೂ ಅದಕ್ಕೆ ತಕ್ಕ ಪರಿಹಾರವನ್ನೂ ಯಥಾಶಕ್ತಿ ವಿವೇಚಿಸಲಾಗಿದೆ.

ಮೊದಲು ‘ಕಾಗುಣಿತ’ ಎಂಬ ಪದವನ್ನೇ ನೋಡೋಣ. ಕ ಎಂಬ ವ್ಯಂಜನವನ್ನು ಒಂದೊಂದು ಸ್ವರದೊಡನೆ ಗುಣಿಸುತ್ತ ಹೋಗುವ ಬಳ್ಳಿಯೇ ಕಾಗುಣಿತ. 13 ಸ್ವರಗಳು, 34 ವ್ಯಂಜನಗಳು, 2 ಯೋಗವಾಹಗಳು, ಒಟ್ಟು 49 ವರ್ಣಗಳನ್ನು ಬಲ್ಲ ಮಗುವು ತಾನು ಹಿಂದೆಂದೂ ಬರೆಯದ ಪದವನ್ನು ಕೂಡ ಕೇಳಿದ ಮಾತ್ರಕ್ಕೆ ಬರೆಯಬಲ್ಲದು. ಇಂಗ್ಲಿಷಿನಂತೆ ಒಂದೊಂದು ಪದದ ಅಕ್ಷರಗಳನ್ನೂ ಬೇರೆ ಬೇರೆಯಾಗಿ ಕಂಠಪಾಠ ಮಾಡಬೇಕಾದ ಹೊರೆ ಕನ್ನಡದ ಮಗುವಿಗಿಲ್ಲ. ಧ್ವನಿಗೂ ಲಿಪಿಗೂ ಇಷ್ಟು ಹತ್ತಿರದ ಸಂಬಂಧವಿರುವ ಭಾಷೆಯಲ್ಲಿ ತಪ್ಪು ಬರೆಯುವವನು ಕೈತಪ್ಪಿ ಬರೆಯುವುದು ಕಡಿಮೆ, ಕಿವಿತಪ್ಪಿ ಬರೆಯುವುದೇ ಹೆಚ್ಚು. ಅಂದರೆ ಆತನು ಆ ಧ್ವನಿಯನ್ನು ಸ್ಪಷ್ಟವಾಗಿ ಕೇಳಿಲ್ಲ, ಅಥವಾ ಕೇಳಿದ ಧ್ವನಿಗೂ ಬರೆಯಬೇಕಾದ ಅಕ್ಷರಕ್ಕೂ ಇರುವ ನಂಟನ್ನು ಆತನಿಗೆ ಯಾರೂ ಹೇಳಿಕೊಟ್ಟಿಲ್ಲ. ಮುಂದಿನ ವಿವೇಚನೆಗೆ ಇದೇ ಆಧಾರ.

ಮೊದಲನೆಯದು ಅಕಾರ-ಹಕಾರಗಳ ತೊಡಕು. ಹಳೆಯ ಮೈಸೂರು ಪ್ರಾಂತದ ಅನೇಕ ಗ್ರಾಮಗಳ ಆಡುನುಡಿಯಲ್ಲಿ ಪದದ ಮೊದಲಿನ ಹಕಾರವು ಲೋಪವಾಗುತ್ತದೆ. ಹಾಲು ‘ಆಲು’ ಆಗುತ್ತದೆ, ಹೂವು ‘ಊವು’ ಆಗುತ್ತದೆ. ಇದನ್ನು ಸೋಮಾರಿತನವೆಂದೋ ಅಸಂಸ್ಕೃತಿಯೆಂದೋ ಹಳಿಯುವವರು ಭಾಷೆಯ ಚರಿತ್ರೆಯನ್ನು ಗಮನಿಸಬೇಕು. ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆಯಿತು; ಪಕಾರದ ಬಿಗಿ ಸಡಿಲಿ ಹಕಾರವಾಯಿತು. ಆ ಸಡಿಲಿಕೆಯೇ ಇನ್ನೊಂದು ಹೆಜ್ಜೆ ಮುಂದುವರಿದರೆ ‘ಆಲು’ ಆಗುತ್ತದೆ. ಹಳ್ಳಿಯ ಮಗುವು ಆಡುವ ಮಾತು ಭಾಷೆಯ ಸಹಜವಾದ ಹರಿವಿನಲ್ಲಿಯೇ ಇದೆ. ತೊಡಕು ಆರಂಭವಾಗುವುದು ಶಾಲೆಯಲ್ಲಿ. ತನ್ನ ಮಾತು ತಪ್ಪೆಂದು ಸಹಪಾಠಿಗಳು ನಗುವುದನ್ನು ಕಂಡ ಮಗುವು ಹೆದರಿ, ಬೇಡವಾದೆಡೆಯಲ್ಲಿಯೂ ಹಕಾರವನ್ನು ಸೇರಿಸತೊಡಗುತ್ತದೆ. ಆಗ ಅಕ್ಕಿಯು ‘ಹಕ್ಕಿ’ ಆಗುತ್ತದೆ, ಆಸೆಯು ‘ಹಾಸೆ’ ಆಗುತ್ತದೆ, ಅರಿವು ‘ಹರಿವು’ ಆಗುತ್ತದೆ. ಮೊದಲ ತಪ್ಪು ಆಡುನುಡಿಯದು, ಎರಡನೆಯ ತಪ್ಪು ಭಯದ್ದು. ಭಯದಿಂದ ಹುಟ್ಟಿದ ತಪ್ಪನ್ನು ಇನ್ನಷ್ಟು ಭಯಪಡಿಸಿ ತಿದ್ದಲಾಗದು. ಮನೆಯ ಮಾತಿಗೆ ಮನೆಯಲ್ಲಿ ಮರ್ಯಾದೆಯಿದೆ, ಬರಹಕ್ಕೆ ಮಾತ್ರ ಎಲ್ಲ ಪ್ರಾಂತದವರೂ ಒಪ್ಪಿದ ಒಂದು ರೂಪವಿದೆ ಎಂದು ಮೊದಲು ಧೈರ್ಯ ಹೇಳಿ, ಬಳಿಕ ‘ಅರಿ-ಹರಿ’, ‘ಅಳಿ-ಹಳಿ’, ‘ಏಳು-ಹೇಳು’ ಎಂಬಂತಹ ಜೋಡಿಪದಗಳನ್ನು ಗಟ್ಟಿಯಾಗಿ ಓದಿಸಿ ಬರೆಸಬೇಕು.

ಎರಡನೆಯದು ಅಲ್ಪಪ್ರಾಣ-ಮಹಾಪ್ರಾಣಗಳ ವ್ಯತ್ಯಾಸ. ‘ವಿಧ್ಯಾರ್ಥಿ’, ‘ಪ್ರಸಿದ್ದ’, ‘ಅಧ್ಬುತ’, ‘ಉದ್ಗಾಟನೆ’, ‘ಉಚ್ಛಾರಣೆ’, ‘ಹಾರ್ಧಿಕ’ ಎಂಬ ರೂಪಗಳನ್ನು ನಾವು ನಿತ್ಯವೂ ಕಾಣುತ್ತೇವೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬರೆಯುವವನು ಮಹಾಪ್ರಾಣವನ್ನು ಎಲ್ಲೆಡೆಯೂ ಬಿಟ್ಟಿಲ್ಲ. ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಹಾಕಿದ್ದಾನೆ. ಅಕ್ಷರ ಆತನಿಗೆ ಗೊತ್ತು, ಅದರ ನೆಲೆ ಗೊತ್ತಿಲ್ಲ. ನೆಲೆಯನ್ನು ತಿಳಿಸುವ ಸುಲಭಸೂತ್ರಗಳು ಕೆಲವುಂಟು. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣವು ಬಹು ವಿರಳ. ಆದುದರಿಂದ ‘ಭೇಕು’, ‘ಧೊಡ್ಡ’ ಎಂದು ಬರೆಯುವ ಪ್ರಸಂಗವೇ ಬಾರದು. ಸಂಸ್ಕೃತಪದಗಳಲ್ಲಿ ಅನುನಾಸಿಕವಲ್ಲದ ಎರಡು ವರ್ಗೀಯ ವ್ಯಂಜನಗಳು ಒತ್ತಾಗಿ ಸೇರಿದಾಗ ಮಹಾಪ್ರಾಣವು ಬರುವುದಾದರೆ ಅದು ಎರಡನೆಯ ಸ್ಥಾನದಲ್ಲಿ ಬರುತ್ತದೆಯೇ ಹೊರತು ಮೊದಲನೆಯದರಲ್ಲಿ ಬಾರದು. ಶುದ್ಧ, ಬುದ್ಧಿ, ಅದ್ಭುತ, ಉದ್ಘಾಟನೆ, ಇಚ್ಛೆ ಎಂಬಿವು ಇದಕ್ಕೆ ಉದಾಹರಣೆಗಳು. ಇನ್ನು ಪದದ ಮೂಲವನ್ನು ತಿಳಿದರೆ ಸಂದೇಹವು ತಾನಾಗಿಯೇ ಪರಿಹಾರವಾಗುತ್ತದೆ. ‘ವಿದ್ಯೆ’ ಎಂಬುದು ತಿಳಿ ಎಂಬರ್ಥದ ‘ವಿದ್’ ಧಾತುವಿನಿಂದ ಬಂದುದು. ಅಲ್ಲಿ ದಕಾರವೇ ಸರಿ. ‘ಅಧ್ಯಯನ’ ಎಂಬುದು ‘ಅಧಿ’ ಎಂಬ ಉಪಸರ್ಗದಿಂದ ಆದುದು. ಅಲ್ಲಿ ಧಕಾರವೇ ಬೇಕು. ‘ಹಾರ್ದಿಕ’ ಎಂಬುದು ಹೃದಯಕ್ಕೆ ಸಂಬಂಧಪಟ್ಟುದು. ಹೃದಯದಲ್ಲಿಲ್ಲದ ಮಹಾಪ್ರಾಣವು ಹಾರ್ದಿಕದಲ್ಲಿ ಎಲ್ಲಿಂದ ಬಂದೀತು?

ಈ ಸಂದರ್ಭದಲ್ಲಿ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರ ವಾದವನ್ನು ಸ್ಮರಿಸದೆ ಮುಂದೆ ಹೋಗುವುದು ನ್ಯಾಯವಲ್ಲ. ಬಹುಸಂಖ್ಯೆಯ ಕನ್ನಡಿಗರು ಉಚ್ಚರಿಸದ ಮಹಾಪ್ರಾಣಗಳು, ಋಕಾರ, ಷಕಾರ ಮೊದಲಾದವನ್ನು ಬರಹದಿಂದ ಕೈಬಿಟ್ಟರೆ ಓದುಬರಹ ಎಲ್ಲರಿಗೂ ಸುಲಭವಾಗುವುದೆಂದು ಅವರು ಬಹುಕಾಲ ಪ್ರತಿಪಾದಿಸಿದರು. ತಮ್ಮ ಗ್ರಂಥಗಳನ್ನು ಆ ರೀತಿಯಲ್ಲಿಯೇ ಬರೆದು ತೋರಿಸಿದರು. ಸಾಮಾನ್ಯಜನರ ಮೇಲಿನ ಹೊರೆಯನ್ನು ಇಳಿಸಬೇಕೆಂಬ ಅವರ ಕಳಕಳಿ ಗೌರವಾರ್ಹವಾದುದು. ಆದರೆ ಅವರು ಸೂಚಿಸಿದ್ದು ಒಂದು ನಿಯಮದ ಸ್ಥಾನದಲ್ಲಿ ಇನ್ನೊಂದು ನಿಯಮವನ್ನು. ಇಂದು ನಾವು ಕಾಣುತ್ತಿರುವುದು ನಿಯಮದ ಸ್ಥಾನದಲ್ಲಿ ಅನಿಯಮವನ್ನು. ‘ವಿಧ್ಯಾರ್ಥಿ’ ಎಂದು ಬರೆಯುವವನು ಲಿಪಿಯನ್ನು ಸರಳಗೊಳಿಸಿದವನಲ್ಲ, ಇಲ್ಲದ ಭಾರವನ್ನು ಹೊತ್ತವನು. ಅಲ್ಲದೆ ಬರಹದಿಂದ ಮಹಾಪ್ರಾಣವು ಹೋದರೆ ‘ದನ-ಧನ’, ‘ಬಾನು-ಭಾನು’ ಎಂಬ ಜೋಡಿಗಳ ಭೇದವೂ ಹೋಗುವುದು. ಸಂದರ್ಭದಿಂದ ಅರ್ಥವನ್ನು ಊಹಿಸಬಹುದೆಂಬುದು ನಿಜವಾದರೂ, ಊಹಿಸಿ ಓದುವುದಕ್ಕೂ ತಿಳಿದು ಓದುವುದಕ್ಕೂ ಅಂತರವಿದೆ.

ಮೂರನೆಯದು ಸಮೀಪಧ್ವನಿಗಳ ಗೊಂದಲ. ಶ, ಷ, ಸ, ನ, ಣ, ಲ, ಳ ಎಂಬಿವು ಇದರಲ್ಲಿ ಸೇರುತ್ತವೆ. ಹಬ್ಬಹರಿದಿನಗಳಲ್ಲಿ ಬೀದಿಬೀದಿಯಲ್ಲಿ ತೂಗಾಡುವ ‘ಶುಭಾಷಯ’ ಎಂಬ ಬರಹವನ್ನು ನೋಡದವರಿಲ್ಲ. ಶುಭ ಮತ್ತು ಆಶಯ ಸೇರಿ ‘ಶುಭಾಶಯ’ವಾಯಿತೆಂದು ಒಮ್ಮೆ ಬಿಡಿಸಿ ತೋರಿಸಿದರೆ ಸಾಕು, ಆ ತಪ್ಪು ಮತ್ತೆ ಮರುಕಳಿಸುವುದು ವಿರಳ. ಣಕಾರಕ್ಕೂ ಹೀಗೆಯೇ ನಿಯಮವುಂಟು. ಸಂಸ್ಕೃತದಲ್ಲಿ ಒಂದೇ ಪದದೊಳಗೆ ರಕಾರ, ಷಕಾರ, ಋಕಾರಗಳ ಪ್ರಭಾವದಿಂದ ಮುಂದಿನ ನಕಾರವು ಕೆಲವು ಕಟ್ಟಳೆಗಳಿಗೊಳಪಟ್ಟು ಣಕಾರವಾಗುತ್ತದೆ. ಅಯನ ಎಂಬುದು ಉತ್ತರ ಶಬ್ದದೊಡನೆ ಸೇರಿದಾಗ ‘ಉತ್ತರಾಯಣ’ವಾಗುವುದು ಇದರಿಂದಲೇ. ಆದರೆ ‘ದಕ್ಷಿಣಾಯನ’ದಲ್ಲಿ ನಕಾರವೇ ಉಳಿಯುತ್ತದೆ, ಏಕೆಂದರೆ ಅಲ್ಲಿ ಷಕಾರಕ್ಕೂ ಕೊನೆಯ ನಕಾರಕ್ಕೂ ನಡುವೆ ಣಕಾರವು ಅಡ್ಡಬಂದು ಆ ಪ್ರಭಾವವನ್ನು ತಡೆಯುತ್ತದೆ. ಈ ಎರಡು ಪದಗಳನ್ನು ಪಕ್ಕಪಕ್ಕದಲ್ಲಿ ಬರೆದು ಕಾರಣವನ್ನು ವಿವರಿಸಿದರೆ ವ್ಯಾಕರಣವೆಂದರೆ ಬೇಸರವೆನ್ನುವ ಹುಡುಗನೂ ಕಿವಿಗೊಟ್ಟು ಕೇಳುತ್ತಾನೆ. ಇನ್ನು ಲ-ಳಗಳ ಭೇದವು ಕನ್ನಡದ ಜೀವಾಳವೇ ಆಗಿದೆ. ಬೆಲೆ ಬೇರೆ, ಬೆಳೆ ಬೇರೆ; ಹುಲಿ ಬೇರೆ, ಹುಳಿ ಬೇರೆ; ಕುಲ ಬೇರೆ, ಕುಳ ಬೇರೆ. ಸಕಾರ-ಶಕಾರಗಳ ಭೇದವನ್ನು ಅರಿಯದಿದ್ದರೆ ಸ್ವಜನರು ಶ್ವಜನರಾದಾರು, ಅಂದರೆ ತನ್ನವರು ನಾಯಿಗಳಾದಾರು, ಎಂದು ತಂದೆಯೊಬ್ಬನು ಮಗನನ್ನು ಎಚ್ಚರಿಸುವ ಸುಭಾಷಿತವೊಂದು ಸಂಸ್ಕೃತದಲ್ಲಿದೆ. ಆ ತಂದೆಯ ಚಿಂತೆ ಇಂದಿಗೂ ಹಳೆಯದಾಗಿಲ್ಲ.

ನಾಲ್ಕನೆಯದು ಸಂಧಿಯ ಅಜ್ಞಾನ. ‘ಕೋಟ್ಯಾಂತರ ರೂಪಾಯಿ’ ಎಂದು ಬರೆಯುವವರು ಬಹಳ ಮಂದಿ. ಲಕ್ಷ ಮತ್ತು ಅಂತರ ಸೇರಿದಾಗ ಸವರ್ಣದೀರ್ಘಸಂಧಿಯಿಂದ ‘ಲಕ್ಷಾಂತರ’ವಾಗುವುದು ಸರಿ. ಆದರೆ ಕೋಟಿ ಮತ್ತು ಅಂತರ ಸೇರುವಲ್ಲಿ ಇಕಾರವು ಯಕಾರವಾಗಿ ಯಣ್ ಸಂಧಿಯಿಂದ ‘ಕೋಟ್ಯಂತರ’ವೆಂದಷ್ಟೇ ಆಗಬೇಕು, ಅಲ್ಲಿ ದೀರ್ಘಕ್ಕೆ ಅವಕಾಶವಿಲ್ಲ. ‘ಲಕ್ಷಾಂತರ’ದ ದೀರ್ಘವನ್ನು ಕೇಳಿ ರೂಢಿಯಾದ ಕಿವಿಯು ಅದನ್ನೇ ಇಲ್ಲಿಗೂ ಎಳೆದು ತರುತ್ತದೆ. ‘ಜಾತ್ಯಾತೀತ’ ಎಂಬ ತಪ್ಪೂ ಇಂತಹುದೇ. ಜಾತಿ ಮತ್ತು ಅತೀತ ಸೇರಿ ‘ಜಾತ್ಯತೀತ’ವಾಗಬೇಕು. ಇಲ್ಲೊಂದು ವೈಚಿತ್ರ್ಯವುಂಟು. ಇಂತಹ ತಪ್ಪನ್ನು ಬರೆಯುವ ವಿದ್ಯಾರ್ಥಿಯನ್ನೇ ‘ಅತ್ಯಂತ’ ಎಂಬುದು ಯಾವ ಸಂಧಿಯೆಂದು ಕೇಳಿದರೆ ಯಣ್ ಸಂಧಿಯೆಂದು ಥಟ್ಟನೆ ಹೇಳುತ್ತಾನೆ. ಹೆಸರು ಹೇಳಬಲ್ಲನು, ಬಳಸಲಾರನು. ವ್ಯಾಕರಣವನ್ನು ನಾವು ಹೆಸರುಗಳ ಪಟ್ಟಿಯಾಗಿ ಕಲಿಸುತ್ತಿದ್ದೇವೆಯೇ ಹೊರತು ಬರವಣಿಗೆಯ ಸಾಧನವಾಗಿ ಕಲಿಸುತ್ತಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಐದನೆಯದು ವಾಕ್ಯರಚನೆಯ ದೋಷ. ‘ಮರಗಳು ಬಿದ್ದಿತು’ ಎಂದು ಬರೆದಾಗ ಕರ್ತೃಪದಕ್ಕೂ ಕ್ರಿಯಾಪದಕ್ಕೂ ವಚನಸಾಮ್ಯ ತಪ್ಪುತ್ತದೆ, ‘ಬಿದ್ದವು’ ಎನ್ನಬೇಕು. ‘ಅವರುಗಳು’ ಎಂಬಲ್ಲಿ ಬಹುವಚನದ ಮೇಲೆ ಇನ್ನೊಂದು ಬಹುವಚನವಿದೆ. ‘ಸಕುಟುಂಬ ಸಮೇತರಾಗಿ’ ಎಂಬ ಆಮಂತ್ರಣದಲ್ಲಿ ‘ಸ’ ಎಂಬುದೇ ‘ಸಮೇತ’ವೆಂಬ ಅರ್ಥವನ್ನು ಕೊಡುತ್ತಿರುವಾಗ ಅದನ್ನು ಮರಳಿ ಹೇಳಲಾಗಿದೆ. ‘ಸಭೆಯು ಅಧ್ಯಕ್ಷರಿಂದ ಉದ್ಘಾಟಿಸಲ್ಪಟ್ಟಿತು’ ಎಂಬುದು ಇಂಗ್ಲಿಷಿನ ಜಾಡನ್ನು ಹಿಡಿದ ವಾಕ್ಯ. ‘ಅಧ್ಯಕ್ಷರು ಸಭೆಯನ್ನು ಉದ್ಘಾಟಿಸಿದರು’ ಎಂಬುದು ಕನ್ನಡದ ಜಾಯಮಾನಕ್ಕೆ ಒಗ್ಗುವ ವಾಕ್ಯ. ಕಾಗುಣಿತದ ತಪ್ಪು ಒಂದು ಪದವನ್ನು ಕೆಡಿಸಿದರೆ, ಈ ಬಗೆಯ ತಪ್ಪು ಆಲೋಚನೆಯ ನಡೆಯನ್ನೇ ಕೆಡಿಸುತ್ತದೆ.

ಹಾಗಾದರೆ ಭಾಷೆಯು ಬದಲಾಗಲೇಬಾರದೆ, ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಬದಲಾಗದ ಭಾಷೆಯಿಲ್ಲ. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಜನರ ನಾಲಗೆಯಲ್ಲಿ ಆ ಧ್ವನಿಯು ನೆಲೆತಪ್ಪಿದ್ದರಿಂದಲೇ ಅಂತಹ ಪಟ್ಟಿಯ ಅವಶ್ಯಕತೆ ಉಂಟಾಯಿತೆಂದು ಊಹಿಸಬಹುದು. ಆತನ ಪಟ್ಟಿಯಿಂದ ೞಕಾರವು ಉಳಿಯಲಿಲ್ಲ, ಱಕಾರವೂ ಉಳಿಯಲಿಲ್ಲ. ಅವೆರಡೂ ಇಲ್ಲದೆ ನಾವು ಕನ್ನಡವನ್ನು ಸುಖವಾಗಿಯೇ ಬರೆಯುತ್ತಿದ್ದೇವೆ. ಶರಣರು ಪಂಡಿತರ ಕಟ್ಟಳೆಗಾಗಿ ಕಾಯದೆ ಜನರಾಡುವ ಮಾತಿನಲ್ಲಿಯೇ ವಚನಗಳನ್ನು ನುಡಿದರು. ಕೂಡಲ ಎಂಬ ಕನ್ನಡ ಪದಕ್ಕೂ ಸಂಗಮ ಎಂಬ ಸಂಸ್ಕೃತ ಪದಕ್ಕೂ ಅರ್ಥ ಒಂದೇ ಆಗಿರುವಾಗ ‘ಕೂಡಲಸಂಗಮ’ವೆಂಬುದನ್ನು ಪುನರುಕ್ತಿಯೆಂದೋ ಅರಿಸಮಾಸವೆಂದೋ ಯಾರೂ ಅಲ್ಲಗಳೆಯಲಾರರು, ಅದು ಜನರ ಬಾಯಲ್ಲಿ ನಿಂತ ಹೆಸರು. ಆದರೆ ಇಡೀ ಜನಾಂಗವು ತಲೆಮಾರುಗಳ ಕಾಲ ಒಂದೇ ದಿಕ್ಕಿನಲ್ಲಿ ನಡೆದು ಉಂಟಾಗುವ ಮಾರ್ಪಾಟು ಬೇರೆ. ಒಬ್ಬನೇ ವ್ಯಕ್ತಿಯು ಒಂದೇ ಪುಟದಲ್ಲಿ ಒಂದೇ ಪದವನ್ನು ಮೂರು ಬಗೆಯಾಗಿ ಬರೆಯುವುದು ಬೇರೆ. ಮೊದಲನೆಯದು ಭಾಷೆಯ ಬೆಳವಣಿಗೆ, ಎರಡನೆಯದು ಶಿಕ್ಷಣದ ಕೊರತೆ. ಇವೆರಡನ್ನೂ ಒಂದೇ ಎಂದು ಭಾವಿಸಿ ಸಮಾಧಾನಪಟ್ಟುಕೊಳ್ಳಲಾಗದು.

ಈ ಕೊರತೆಯಿಂದ ಆಗುವ ಹಾನಿಯಾದರೂ ಏನು? ವಚನಸಾಹಿತ್ಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಿಂದಿನ ಓಲೆಗರಿಗಳಲ್ಲಿ ಎಕಾರ-ಏಕಾರಗಳ, ಒಕಾರ-ಓಕಾರಗಳ ಹ್ರಸ್ವದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಅಂತಹ ಗರಿಯಲ್ಲಿ ‘ಬೆರೆ’ ಎಂದಿದ್ದರೆ ಅದು ಕೂಡು ಎಂಬರ್ಥದ ‘ಬೆರೆ’ಯೋ, ಅನ್ಯವೆಂಬರ್ಥದ ‘ಬೇರೆ’ಯೋ ಎಂಬುದನ್ನು ಓದುವವನೇ ನಿರ್ಣಯಿಸಬೇಕು. ಒಂದು ಮಾತ್ರೆಯ ಅಂತರದಲ್ಲಿ ಅರ್ಥವು ವಿರುದ್ಧವಾಗುತ್ತದೆ. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಓಲೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದಾಗಲೂ, ಅವರ ತರುವಾಯ ಅನೇಕ ವಿದ್ವಾಂಸರು ದುಡಿದು 1993ರಲ್ಲಿ ಕರ್ನಾಟಕ ಸರ್ಕಾರದ ‘ಸಮಗ್ರ ವಚನ ಸಂಪುಟ’ಗಳು 15 ಸಂಪುಟಗಳಲ್ಲಿ ಹೊರಬಂದಾಗಲೂ, ಇಂತಹ ನಿರ್ಣಯಗಳನ್ನು ಹೆಜ್ಜೆಹೆಜ್ಜೆಗೂ ಕೈಗೊಳ್ಳಬೇಕಾಗಿತ್ತು. ಅಷ್ಟು ಶ್ರಮದಿಂದ ಶುದ್ಧಪಾಠವನ್ನು ನಮ್ಮ ಕೈಗಿತ್ತ ಮೇಲೆ, ಭವಕ್ಕೂ ಭಾವಕ್ಕೂ, ಪ್ರಸಾದಕ್ಕೂ ಪ್ರಾಸಾದಕ್ಕೂ, ಅರಿವಿಗೂ ಹರಿವಿಗೂ ಭೇದವನ್ನು ಕಾಣದೆ ಓದುವವನಿಗೆ ಆ ಪುಟಗಳು ತೆರೆದಿದ್ದೂ ಮುಚ್ಚಿದಂತೆಯೇ ಸರಿ.

ನಿಘಂಟನ್ನು ನೋಡಿದರೆ ಅರ್ಥ ತಿಳಿಯುವುದಲ್ಲವೆ ಎನ್ನಬಹುದು. ಆದರೆ ನಿಘಂಟಿನ ಬೀಗದ ಕೈಯೇ ಕಾಗುಣಿತ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 8 ಸಂಪುಟಗಳದು. ಆಕಾರದ ಪದಗಳು ಮೊದಲ ಸಂಪುಟದಲ್ಲಿದ್ದರೆ ಹಕಾರದ ಪದಗಳು ಕೊನೆಯ ಸಂಪುಟದಲ್ಲಿವೆ. ಹಾಲನ್ನು ‘ಆಲು’ ಎಂದು ಬರೆಯುವವನು ಅದನ್ನು ಮೊದಲ ಸಂಪುಟದಲ್ಲಿ ಹುಡುಕಿ, ಕಾಣದೆ, ಕನ್ನಡದಲ್ಲಿ ಆ ಪದವೇ ಇಲ್ಲವೆಂದು ತಿಳಿದಾನು. ಗಣಕಯಂತ್ರದಲ್ಲಿ ಹುಡುಕುವವನ ಪಾಡೂ ಇದೇ. ತಪ್ಪು ಅಕ್ಷರದಿಂದ ಕೇಳಿದರೆ ಎಷ್ಟೋ ವೇಳೆ ಇರುವ ವಚನವೂ ಇಲ್ಲವೆಂಬ ಉತ್ತರವೇ ದೊರೆಯುತ್ತದೆ.

ಈ ಸ್ಥಿತಿಗೆ ಕಾರಣಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕಿವಿಯನ್ನು ತಿದ್ದುತ್ತಿದ್ದ ಅಭ್ಯಾಸಗಳು ಅನೇಕ ಶಾಲೆಗಳಲ್ಲಿ ಒಂದೊಂದಾಗಿ ಹಿಂದೆ ಸರಿದಿವೆ. ಉಕ್ತಲೇಖನ, ಕಾಪಿ ಬರವಣಿಗೆ, ಗಟ್ಟಿಯಾಗಿ ಓದುವುದು, ಪದ್ಯಗಳ ಬಾಯಿಪಾಠ ಇವೆಲ್ಲವೂ ಹಳೆಯ ಪದ್ಧತಿಯೆಂಬ ಹೆಸರಿನಲ್ಲಿ ಮೂಲೆಗೆ ಬಿದ್ದಿವೆ. ಉತ್ತರಪತ್ರಿಕೆಯಲ್ಲಿ ಬೇಕಾದ ಅಂಶಗಳಿದ್ದರೆ ಅಂಕ ದೊರೆಯುತ್ತದೆ. ಅಂಶವನ್ನು ಹೇಳಿದ ವಾಕ್ಯ ಹೇಗಿದೆಯೆಂಬ ವಿಚಾರ ಹಿಂದೆ ಬೀಳುತ್ತದೆ. 2021ರ ಜುಲೈ 22ರಂದು ಕೊರೋನಾ ಸಾಂಕ್ರಾಮಿಕದ ಕಾರಣದಿಂದ ಹತ್ತನೆಯ ತರಗತಿಯ ಭಾಷಾಪರೀಕ್ಷೆಗಳೆಲ್ಲವನ್ನೂ ಒಂದೇ ದಿನದಲ್ಲಿ ಬಹುಆಯ್ಕೆಯ ಪ್ರಶ್ನೆಗಳ ಮೂಲಕ ನಡೆಸಲಾಯಿತು. ಅಂದಿನ ಸಂಕಟದಲ್ಲಿ ಅದು ಅನಿವಾರ್ಯವಾಗಿದ್ದಿರಬಹುದು. ಆದರೆ ಒಂದು ವಾಕ್ಯವನ್ನೂ ಬರೆಯದೆ ಭಾಷಾಪರೀಕ್ಷೆಯನ್ನು ಮುಗಿಸಬಹುದೆಂಬುದು ಅಂದು ಪ್ರತ್ಯಕ್ಷವಾಯಿತು. ಇನ್ನು 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮವು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಲಿಸಬೇಕೆಂದು ವಿಧಿಸಿದೆ. ಕಾಯಿದೆಯು ಕನ್ನಡದ ಅವಧಿಯನ್ನು ತಂದುಕೊಡಬಲ್ಲುದು. ಆ ಅವಧಿಯಲ್ಲಿ ಮಗುವಿನ ಪುಸ್ತಕವನ್ನು ತಿದ್ದುವ ಕೈಯನ್ನು ತಂದುಕೊಡಲಾರದು. ನೂರಾರು ಪುಸ್ತಕಗಳನ್ನು ತಿದ್ದಬೇಕಾದ ಅಧ್ಯಾಪಕನ ಮೇಲೆ ಮಾಹಿತಿ ತುಂಬುವ, ಗಣತಿ ಮಾಡುವ ಕೆಲಸಗಳ ಹೊರೆಯೂ ಇದೆಯೆಂಬುದನ್ನು ಟೀಕಾಕಾರರು ಮರೆಯಬಾರದು.

ಇದರ ಜೊತೆಗೆ ಕೈಯಲ್ಲಿಯ ದೂರವಾಣಿಯೂ ಸೇರಿದೆ. ಯುವಕರು ಕನ್ನಡದ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆದು ಕಳುಹಿಸುತ್ತಾರೆ. ಆ ಬರಹದಲ್ಲಿ ಬೆಲೆ, ಬೆಳೆ, ಬೇಳೆ ಎಂಬ ಮೂರು ಪದಗಳೂ ಒಂದೇ ರೂಪವನ್ನು ತಾಳುತ್ತವೆ. ರೋಮನ್ ಅಕ್ಷರಗಳನ್ನೊತ್ತಿ ಕನ್ನಡ ಮೂಡಿಸುವವರಿಗೆ ಯಂತ್ರವೇ ಪದವನ್ನು ಊಹಿಸಿ ಮುಂದಿಡುತ್ತದೆ. ಸರಿಯಾದುದನ್ನು ಆರಿಸಲು ಮೊದಲು ಸರಿಯಾವುದೆಂದು ತಿಳಿದಿರಬೇಕಷ್ಟೆ. ಯಂತ್ರವನ್ನು ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ಅದೇ ಯಂತ್ರದಲ್ಲಿ ನಿಘಂಟೂ ಇದೆ, ವಚನಗಳ ವಾಚನವೂ ಇದೆ. ಬಲ್ಲವನಿಗೆ ಅದು ಸೇವಕ. ಅರಿಯದವನಿಗೆ ಅದೇ ಗುರುವಾಗಿ ಕುಳಿತುಕೊಳ್ಳುತ್ತದೆ.

ಪರಿಹಾರವು ದುಬಾರಿಯಾದುದೇನೂ ಅಲ್ಲ. ದಿನಕ್ಕೆ ಐದು ನಿಮಿಷಗಳ ಉಕ್ತಲೇಖನ, ಐದು ಸಾಲುಗಳ ಗಟ್ಟಿಯಾದ ಓದು ಇವೆರಡನ್ನು ಪ್ರಾಥಮಿಕ ತರಗತಿಗಳಲ್ಲಿ ತಪ್ಪದೆ ನಡೆಸಿದರೆ ಕಿವಿಯೂ ಕೈಯೂ ಒಂದಾಗುತ್ತವೆ. ಪುಸ್ತಕವನ್ನು ತಿದ್ದುವಾಗ ಪುಟವೆಲ್ಲ ಕೆಂಪಾಗುವಂತೆ ಗೆರೆ ಎಳೆಯುವುದಕ್ಕಿಂತ ಮೂರು ತಪ್ಪುಗಳನ್ನು ಆರಿಸಿ ಅವು ಏಕೆ ತಪ್ಪೆಂದು ತಿಳಿಸುವುದು ಮೇಲು. ಸಂಧಿಯ ಹೆಸರನ್ನು ಕೇಳುವ ಪ್ರಶ್ನೆಗೆ ಬದಲಾಗಿ ಬಿಡಿಪದಗಳನ್ನು ಕೊಟ್ಟು ಕೂಡಿಸಿ ವಾಕ್ಯದಲ್ಲಿ ಬಳಸಲು ಹೇಳಬೇಕು. ಮನೆಯಲ್ಲಿ ಹಿರಿಯರು ನಿತ್ಯ ಒಂದು ವಚನವನ್ನು ಮಕ್ಕಳಿಂದ ಓದಿಸಿ ಕೇಳಿ, ತಪ್ಪಿದ ಅಕ್ಷರವನ್ನು ನಗದೆ, ಗದರದೆ, ತಾವೇ ಒಮ್ಮೆ ಸರಿಯಾಗಿ ನುಡಿದು ತೋರಿಸಬೇಕು. ಮಠ, ಸಂಘ, ಸಮಿತಿಗಳವರು ಕರಪತ್ರವನ್ನು ಅಚ್ಚಿಗೆ ಕಳುಹಿಸುವ ಮುನ್ನ ಭಾಷೆ ಬಲ್ಲ ಒಬ್ಬರಿಗೆ ಕರಡನ್ನು ತೋರಿಸುವ ಪದ್ಧತಿಯನ್ನಿಟ್ಟುಕೊಂಡರೆ, ಊರಿನ ಗೋಡೆಗಳೇ ಮಕ್ಕಳಿಗೆ ಶುದ್ಧಪಾಠಗಳಾಗುತ್ತವೆ.

ಶುದ್ಧವಾಗಿ ಬರೆಯುವುದು ಪಾಂಡಿತ್ಯದ ಪ್ರದರ್ಶನವಲ್ಲ. ನನ್ನ ಮಾತು ನಿನಗೆ ನಾನೆಂದಂತೆಯೇ ತಲುಪಲಿ ಎಂಬ ಕಾಳಜಿಯದು. ಓದುವವನಿಗೆ ಬರೆಯುವವನು ಸಲ್ಲಿಸುವ ಗೌರವವದು. ಎಂಟು ಶತಮಾನಗಳ ಹಿಂದೆ ನುಡಿದವರ ಮಾತು ಇಂದು ನಮಗೆ ಅರ್ಥವಾಗುತ್ತಿದ್ದರೆ, ನಡುವಣ ತಲೆಮಾರುಗಳಲ್ಲಿ ಹೆಸರಿಲ್ಲದ ಎಷ್ಟೋ ಮಂದಿ ಲಿಪಿಕಾರರು ದೀಪದ ಬೆಳಕಿನಲ್ಲಿ ಕಂಠವನ್ನು ಹಿಡಿದು, ಅಕ್ಷರ ತಪ್ಪದಂತೆ ಎಚ್ಚರವಹಿಸಿ ಓಲೆಯ ಮೇಲೆ ಬರೆದುದೇ ಅದಕ್ಕೆ ಕಾರಣ. ಆ ಸಾಲಿನಲ್ಲಿ ಇಂದು ನಮ್ಮ ಸರದಿ ಬಂದಿದೆ. ನಾಳೆಯ ಮಗುವಿನ ಕೈಗೆ ಅಕ್ಷರವನ್ನು ಕೆಡದಂತೆ ದಾಟಿಸುವ ಹೊಣೆ ಅಧ್ಯಾಪಕನೊಬ್ಬನದೇ ಅಲ್ಲ, ಲೇಖನಿ ಹಿಡಿಯುವ ಪ್ರತಿಯೊಬ್ಬನದು.